ಏರ್ ಪ್ಲಾಂಟ್ ಬುಡದಲ್ಲಿ ಬಿಳಿ ಬಿಳಿ: ಹುಳುವೋ, ಗಿಡದ್ದೇ ರೋಮವೋ?

ಹಸಿರುಕಿಟಕಿ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಮೂರು ಬಗೆಯ ಏರ್ ಪ್ಲಾಂಟ್ (ಮಣ್ಣಿಲ್ಲದೆ ಬೆಳೆಯುವ ಗಿಡ) ಇವೆ: ಒಂದು ಜೆರೋಗ್ರಾಫಿಕಾ, ಅಯೊನಾಂಥಾದ ದಟ್ಟ ಗುಂಪೊಂದು, ಒಂದು ಬಲ್ಬೋಸಾ. ಅಯೊನಾಂಥಾ ಗುಂಪಿನ ನಡುವೆ, ಎಲೆಗಳು ಬುಡದಲ್ಲಿ ಒಂದರ ಮೇಲೊಂದು ಕೂಡುವ ಕಡೆ, ಹತ್ತಿಯಂಥ ಬಿಳಿ ಚುಕ್ಕೆಗಳು ಕಾಣಿಸಿಕೊಂಡಿವೆ. ಬಲ್ಬೋಸಾದ ಉಬ್ಬಿದ ಬುಡದೊಳಗೆ ಇರುವೆಗಳು ಹೋಗಿಬರುತ್ತಿವೆ. ಜೆರೋಗ್ರಾಫಿಕಾ ಮೊದಲಿಂದಲೂ ಮೈಯೆಲ್ಲ ಬೂದು ಬಿಳಿ, ಅದಕ್ಕೆ ಏನಾದರೂ ಹತ್ತಿದೆಯೋ ಇಲ್ಲವೋ ತಿಳಿಯುತ್ತಲೇ ಇಲ್ಲ. ಉಳಿದ ಗಿಡಗಳಿಗೆ ಹೊಡೆಯುವ ಬೇವಿನ ಎಣ್ಣೆಯನ್ನೇ ಮೂರಕ್ಕೂ ಹೊಡೆಯಬಹುದಾ? ತಿಳಿದವರು ದಯವಿಟ್ಟು ಹೇಳಿ, ತಡ ಮಾಡಿದರೆ ಹರಡುತ್ತದೇನೋ ಅನ್ನೋ ಆತಂಕ.

ಬಿಳಿರೋಮ
ಎಣ್ಣೆ ಬಾಟಲಿ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಅದು ಹುಳು ಹೌದೋ ಅಲ್ಲವೋ ಖಾತ್ರಿ ಆಗಲಿ.

ಟಿಲ್ಲಾಂಡ್ಸಿಯಾಗಳ, ಅಂದರೆ ಈ ಏರ್ ಪ್ಲಾಂಟ್‌ಗಳ, ಬೇರು ಕೊಂಬೆಗೋ ಬಂಡೆಗೋ ಹಿಡಿದುಕೊಳ್ಳಲಿಕ್ಕೆ ಮಾತ್ರ. ನೀರು, ಗೊಬ್ಬರ ಎಲ್ಲ ಒಳಗೆ ಹೋಗುವುದು ಎಲೆಯ ಮೇಲಿನ ಟ್ರೈಕೋಮ್ ಅನ್ನುವ ಸಣ್ಣ ಹೊಟ್ಟಿನಂಥ ರೋಮಗಳ ಮೂಲಕ. ಒಣಗಿದ್ದಾಗ ಈ ಹೊಟ್ಟು ಮೇಲೆದ್ದು ಬೆಳಕನ್ನು ಚದುರಿಸುತ್ತದೆ, ಎಲೆ ಬಿಳಿಯಾಗಿ ಕಾಣುತ್ತದೆ. ನೀರು ಬಿದ್ದರೆ ಅದು ಎಲೆಗೆ ಅಂಟಿ ಪಾರದರ್ಶಕವಾಗುತ್ತದೆ, ಗಿಡ ಹಸಿರಾಗುತ್ತದೆ. ಅನುಮಾನ ಬಂದ ಕಡೆ ಒಂದೆರಡು ಹನಿ ನೀರು ಬಿಟ್ಟು ಒಂದು ನಿಮಿಷ ನೋಡಿ. ಬಿಳುಪು ಮಾಯವಾಗಿ ಹಸಿರು ಬಂದರೆ ಅದು ಗಿಡದ್ದೇ ರೋಮ. ನೀರು ಮಣಿಮಣಿಯಾಗಿ ಜಾರಿ ಬಿಳುಪು ಹಾಗೇ ಉಳಿದರೆ ಅದು ಹಿಟ್ಟು ತಿಗಣೆ ಅನ್ನುವ, ಗಿಡದ ರಸ ಹೀರುವ ಸಣ್ಣ ಹುಳುವಿನ ಮೇಣ. ಆಗ ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಒತ್ತಿ, ತಿಗಣೆಯಾದರೆ ಹಳದಿಯೋ ನಸುಗೆಂಪೋ ರಸ ಬರುತ್ತದೆ.

ಮೂರನೆಯದೂ ಒಂದಿದೆ. ಗಡಸು ನೀರು ಒಣಗಿದಾಗ ಎಲೆಯ ತುದಿಗೆ, ನೀರು ನಿಲ್ಲುವ ಕಡೆಗೆ ಬಿಳಿ ಉಪ್ಪಿನ ಪದರ ಕೂರುತ್ತದೆ. ಉಗುರಿಗೆ ಪುಡಿಯಾಗಿ ಬರುತ್ತದೆ, ಅಂಟುವುದಿಲ್ಲ. ಅದಕ್ಕೆ ಮಳೆನೀರಲ್ಲಿ ಅದ್ದಿ ತೊಳೆದರೆ ಸಾಕು.

ಟೆಕ್ಟೋರಮ್ ಅನ್ನುವ ಏರ್ ಪ್ಲಾಂಟಿನ ರೋಮವನ್ನು ಬೂಷ್ಟು ಅಂದುಕೊಂಡು ಬ್ರಷ್ ಹಾಕಿ ಉಜ್ಜಿ ಕಿತ್ತವರೂ ಇದ್ದಾರೆ. ಅದು ಎಷ್ಟು ದೊಡ್ಡ ನಷ್ಟ ಅಂತ ಗಿಡ ಒಣಗಿ ಸುರುಳಿಯಾಗುವ ತನಕ ಗೊತ್ತಾಗುವುದಿಲ್ಲ. ಅದಕ್ಕೇ ಅಷ್ಟು ಒತ್ತಿ ಹೇಳುತ್ತಿದ್ದೇನೆ.

ಅಂಗಳದ ಗಿಡ
ಬೇವಿನ ಎಣ್ಣೆಗೆ ಇಷ್ಟು ಹೆದರಬೇಕಾ? ದಾಸವಾಳ, ಗುಲಾಬಿ, ಮಲ್ಲಿಗೆ ಎಲ್ಲಕ್ಕೂ ಅದನ್ನೇ ಹೊಡೆಯುತ್ತೇನೆ, ಹಿಟ್ಟು ತಿಗಣೆ ಹತೋಟಿಗೆ ಬಂದಿದೆ. ರಾಸಾಯನಿಕವೂ ಅಲ್ಲ.

ಬಿಳಿರೋಮ
ದಾಸವಾಳ ನೀರು ಕುಡಿಯುವುದು ಬೇರಿಂದ ಅಲ್ಲವಾ ಅಣ್ಣ. ಎಲೆ ಮೇಲೆ ಎಣ್ಣೆ ಕೂತರೂ ಅದರ ಊಟ ನಿಲ್ಲುವುದಿಲ್ಲ. ಈ ಗಿಡಕ್ಕೆ ಎಲೆಯೇ ಬಾಯಿ. ರೋಮದ ನಡುವೆ ಎಣ್ಣೆಯ ಪದರ ಕೂತರೆ ನೀರು ಒಳಗೆ ಇಳಿಯುವುದಿಲ್ಲ, ಗಾಳಿಯೂ ಸರಿಯಾಗಿ ಆಡುವುದಿಲ್ಲ. ಬೇವು ಸಸ್ಯಜನ್ಯವೋ ರಾಸಾಯನಿಕವೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ, ಅದು ಎಣ್ಣೆ ಅನ್ನುವುದೇ ತೊಂದರೆ. ರೋಮ ಕಡಿಮೆ ಇರುವ, ನುಣುಪು ಎಲೆಯ ಬ್ರಾಕಿಕೌಲೋಸ್, ಬುಟ್ಜಿಯಂಥವು ತೆಳು ದ್ರಾವಣವನ್ನು ತಡೆದುಕೊಂಡಾವು. ಜೆರೋಗ್ರಾಫಿಕಾ, ಟೆಕ್ಟೋರಮ್‌ನಂಥ ಬೂದು ಗಿಡಗಳಿಗೆ ನಾನಂತೂ ಎಣ್ಣೆ ಮುಟ್ಟಿಸುವುದಿಲ್ಲ.

ಅಂಗಳದ ಗಿಡ
ಎಲೆಯೇ ಬಾಯಿ ಅನ್ನುವುದು ಅರ್ಥವಾಯಿತು. ಹಾಗಾದರೆ ಹೊಡೆಯುವುದೇನು? ಬರೀ ನೀರಲ್ಲಿ ಮುಳುಗಿಸಿಟ್ಟರೆ ಹುಳು ಸಾಯುತ್ತವಲ್ಲ?

ತೂಗುತೋಟ
ಇರುವೆ ಹೊರಬೀಳುತ್ತದೆ, ಗಿಡಹೇನು ಉದುರುತ್ತದೆ. ಹಿಟ್ಟು ತಿಗಣೆ ಮಾತ್ರ ಜಗ್ಗುವುದಿಲ್ಲ. ಅದರ ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ, ಎಲೆಬುಡದಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡು ಅದರೊಳಗೆ ಆರಾಮಾಗಿ ಕೂತಿರುತ್ತದೆ. ಇನ್ನೂ ಹೊತ್ತು ಇಡೋಣ ಅಂತ ರಾತ್ರಿಯಿಡೀ ನೆನೆಸಿದರೆ ತಿಗಣೆಗಿಂತ ಮೊದಲು ಗಿಡ ಕೊಳೆಯುತ್ತದೆ.

ನಾನು ಮಾಡುವುದು ಕೈಕೆಲಸ. ಮೊದಲು ಹುಳು ಹತ್ತಿದ ಗಿಡವನ್ನು ಉಳಿದವುಗಳಿಂದ ದೂರ, ಬೇರೆ ಕೋಣೆಗೆ ಒಯ್ಯಬೇಕು. ಹೊರಗಿನ ಒಣಗಿದ ಎಲೆಗಳನ್ನು ಕೆಳಮುಖವಾಗಿ ಎಳೆದು ತೆಗೆಯಬೇಕು, ಅರ್ಧಕ್ಕರ್ಧ ತಿಗಣೆ ಅಲ್ಲೇ ಅಡಗಿರುತ್ತವೆ. ಆಮೇಲೆ 70 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಕಡ್ಡಿ ಅದ್ದಿ, ಕಂಡ ಕಂಡ ತಿಗಣೆಗೆ ಮುಟ್ಟಿಸುವುದು. ಮೇಣ ಕರಗಿ ಅದರ ಬಣ್ಣ ಕಂದಾಗುತ್ತದೆ, ಹಾಗೇ ಕಡ್ಡಿಗೆ ಅಂಟಿ ಬರುತ್ತದೆ. ಇಡೀ ಎಲೆಗೆ ಬಳಿಯಬೇಡಿ, ಹುಳು ಇರುವ ಜಾಗಕ್ಕೆ ಮಾತ್ರ. ಕಡ್ಡಿ ಹೋಗದ ಸಂದಿಗೆ ಸಣ್ಣ ಬಣ್ಣದ ಬ್ರಷ್ ಒಳ್ಳೆಯದು. ಬಿಸಿಲಲ್ಲಿ ಈ ಕೆಲಸ ಬೇಡ, ಎಲೆ ಸುಡುತ್ತದೆ. ಮುಗಿದ ಮೇಲೆ ಹರಿಯುವ ನೀರಲ್ಲಿ ತೊಳೆದು, ತಲೆಕೆಳಗು ಮಾಡಿ ಜಾಡಿಸಿ, ಗಾಳಿ ಆಡುವಲ್ಲಿ ಒಣಗಲು ಬಿಡಿ.

ಗುಂಪು ದಟ್ಟವಾಗಿದ್ದು ಒಳಗೆ ಕೈಯೇ ಹೋಗದಿದ್ದರೆ ಸಾಬೂನು ನೀರು. ಲೀಟರಿಗೆ 5 ಮಿಲಿಲೀಟರ್ ಮೆದು ದ್ರವ ಸಾಬೂನು ಸಾಕು. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಡಿಟರ್ಜೆಂಟ್ ಬೇಡ. ಕೆಲವು ನಿಮಿಷ ಅದ್ದಿ, ಒಳಗೆಲ್ಲ ಹೋಗುವಂತೆ ಮೆಲ್ಲಗೆ ಅಲ್ಲಾಡಿಸಿ, ಮತ್ತೆ ಶುದ್ಧ ನೀರಲ್ಲಿ ನೊರೆ ಹೋಗುವ ತನಕ ತೊಳೆಯಿರಿ. ಸಾಬೂನು ಹಸಿ ಇರುವಾಗ ಮೈಗೆ ತಾಗಿದ ಹುಳುವನ್ನಷ್ಟೇ ಕೊಲ್ಲುತ್ತದೆ, ಒಣಗಿದ ಮೇಲೆ ಅದರ ಕೆಲಸ ಮುಗಿಯಿತು. ಅದಕ್ಕೇ ಗಿಡದ ಮೇಲೆ ಬಿಟ್ಟು ಪ್ರಯೋಜನವಿಲ್ಲ.

ಹಸಿರುಕಿಟಕಿ
ಬಿಳಿರೋಮ ಹೇಳಿದ ಹಾಗೆ ನೀರು ಹಾಕಿ ನೋಡಿದೆ. ಜೆರೋಗ್ರಾಫಿಕಾ ಪೂರ್ತಿ ಹಸಿರಾಯಿತು, ಅಂದರೆ ಅದು ರೋಮವೇ. ಎಷ್ಟು ನಿರಾಳ ಆಯಿತು ಅಂತ ಹೇಳಲಾರೆ! ಅಯೊನಾಂಥಾದಲ್ಲಿ ಮಾತ್ರ ಬಿಳಿ ಹಾಗೇ ಉಳಿಯಿತು, ಒತ್ತಿದರೆ ನಸುಗೆಂಪು ರಸ. ಒಂದೆರಡು ಮೆಲ್ಲಗೆ ನಡೆಯುತ್ತಲೂ ಇದ್ದವು. ಈಗ ಬಲ್ಬೋಸಾದ ಇರುವೆಗಳ ಕತೆ ಏನು? ಅವು ಗಿಡ ತಿನ್ನುತ್ತವಾ?

ಕೀಟನೋಟ
ತಿನ್ನುವುದಿಲ್ಲ. ಬಲ್ಬೋಸಾ, ಕಪುಟ್ ಮೆಡುಸೆ, ಬುಟ್ಜಿ ಇವುಗಳ ಬುಡ ಟೊಳ್ಳು. ಕಾಡಿನಲ್ಲಿ ಇರುವೆಗಳು ಅದರೊಳಗೆ ಗೂಡು ಮಾಡುತ್ತವೆ, ಅವು ತಂದು ಹಾಕುವ ಕಸಕಡ್ಡಿ, ಹಿಕ್ಕೆಯಿಂದ ಗಿಡಕ್ಕೂ ಪೋಷಣೆ ಸಿಗುತ್ತದೆ. ಆ ನಂಟು ಹಳೆಯದು. ಆದರೆ ನಿಮ್ಮ ಮನೆಯಲ್ಲಿ ಪಕ್ಕದಲ್ಲೇ ಹಿಟ್ಟು ತಿಗಣೆ ಇದೆ. ತಿಗಣೆ ಗಿಡದ ರಸ ಹೀರಿ ಹೆಚ್ಚಾದ ಸಕ್ಕರೆಯನ್ನು ಅಂಟು ಸಿಹಿಯಾಗಿ ಹೊರಹಾಕುತ್ತದೆ. ಆ ಸಿಹಿಗಾಗಿ ಇರುವೆಗಳು ತಿಗಣೆಯನ್ನು ಶತ್ರುಗಳಿಂದ ಕಾಯುತ್ತವೆ, ಮರಿಗಳನ್ನು ಕಚ್ಚಿಕೊಂಡು ಹೊಸ ಗಿಡಕ್ಕೆ ಸಾಗಿಸುತ್ತವೆ. ನೀವು ಎಷ್ಟೇ ಕಡ್ಡಿ ಹಿಡಿದು ತೆಗೆದರೂ ಇರುವೆ ಇರುವ ತನಕ ತಿಗಣೆ ಮರಳಿ ಬರುತ್ತಲೇ ಇರುತ್ತದೆ.

ಬಲ್ಬೋಸಾವನ್ನು ಅರ್ಧ ಗಂಟೆ ನೀರಲ್ಲಿ ಮುಳುಗಿಸಿ, ಇರುವೆ ಹೊರಬರುತ್ತವೆ. ಆಮೇಲೆ ಕಡ್ಡಾಯವಾಗಿ ತಲೆಕೆಳಗು ಮಾಡಿ ಟೊಳ್ಳಿನ ನೀರನ್ನೆಲ್ಲ ಇಳಿಸಿ, ಈ ಗಿಡ ಒಳಗಿಂದ ಕೊಳೆಯುವುದು ಹೆಚ್ಚು. ನಂತರ ಇರುವೆ ಸಾಲು ಎಲ್ಲಿಂದ ಹತ್ತುತ್ತಿದೆ ನೋಡಿ ಆ ದಾರಿ ತಪ್ಪಿಸಿ. ತಂತಿಗೆ ತೂಗಿದ್ದರೆ ತಂತಿಯ ಮೇಲ್ಭಾಗಕ್ಕೆ ಸ್ವಲ್ಪ ವ್ಯಾಸಲೀನ್ ಸವರಬಹುದು. ಗಿಡಕ್ಕೆ ತಾಗದ ಹಾಗೆ.

ಇನ್ನೊಂದು ಮಾತು. ಸಿಟ್ರಸ್ ಹಿಟ್ಟು ತಿಗಣೆಯ ಒಂದು ಹೆಣ್ಣು ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಉದ್ದಬಾಲದ ತಿಗಣೆಯಲ್ಲಿ ಮೊಟ್ಟೆಚೀಲವೇ ಕಾಣುವುದಿಲ್ಲ, ನೇರ ಮರಿಗಳೇ ಹೊರಬರುತ್ತವೆ. ಆ ಮರಿಗಳಿಗೆ ಮೇಣವಿಲ್ಲ, ಕಣ್ಣಿಗೆ ಬೀಳದಷ್ಟು ಸಣ್ಣವು, ಚುರುಕಾಗಿ ಓಡಾಡುತ್ತವೆ. ಸಾಬೂನಿಗೆ ಸುಲಭವಾಗಿ ಸಾಯುವುದೂ ಆ ಹಂತದಲ್ಲೇ. ಹಾಗಾಗಿ ಒಂದು ಸಲ ತೊಳೆದು ಮುಗಿಯಿತು ಅನ್ನಬೇಡಿ. 7ರಿಂದ 10 ದಿನಕ್ಕೊಮ್ಮೆ ಮತ್ತೆ ನೋಡಿ, ಮತ್ತೆ ತೆಗೆಯಿರಿ. ಒಂದೂ ಕಾಣದ ಮೇಲೂ ಎರಡು ಸುತ್ತು ಹೆಚ್ಚಿಗೆ ಮಾಡಿ.

ಮುಂಜಾವು
ಇದುವರೆಗೆ ಯಾರೂ ಹೇಳದ್ದೊಂದು. ಎಲ್ಲ ಗಿಡಗಳನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಸುವ ಅಭ್ಯಾಸ ನಮ್ಮಲ್ಲಿ ತುಂಬ ಜನಕ್ಕಿದೆ. ಹುಳು ಹರಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ತೇಲುವ ತಿಗಣೆ ಮರಿಗಳು ಪಕ್ಕದ ಗಿಡದ ಎಲೆ ಹಿಡಿದುಕೊಳ್ಳುತ್ತವೆ. ಅನುಮಾನವಿರುವ ಗಿಡಕ್ಕೆ ಬೇರೆ ಪಾತ್ರೆ, ಆ ನೀರನ್ನು ಇನ್ನೊಂದಕ್ಕೆ ಬಳಸಬಾರದು. ಕತ್ತರಿ, ಚಿಮಟವನ್ನೂ ಸ್ಪಿರಿಟ್ಟಿನಿಂದ (ಮೇಲೆ ಹೇಳಿದ ಆಲ್ಕೋಹಾಲ್) ಒರೆಸಿ.

ಹೊತ್ತಿನ ಮಾತೂ ಇದೆ. ಈ ಗಿಡಗಳು ಹಗಲು ಎಲೆರಂಧ್ರ ಮುಚ್ಚಿ, ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುತ್ತವೆ. ರಾತ್ರಿ ಎಲೆ ಒದ್ದೆಯಾಗಿದ್ದರೆ ಉಸಿರಿಗೆ ಅಡ್ಡಿ. ಆದ್ದರಿಂದ ತೊಳೆಯುವುದು, ಅದ್ದುವುದು ಎಲ್ಲ ಬೆಳಿಗ್ಗೆಯೇ, ನೆರಳಲ್ಲಿ. ಮೂರು ನಾಲ್ಕು ಗಂಟೆಯೊಳಗೆ ಬುಡ ಪೂರ್ತಿ ಒಣಗಬೇಕು. ಒಣಗದಿದ್ದರೆ ಚಿಕ್ಕ ಫ್ಯಾನ್ ಹಾಕಿ. ಹುಳುವಿಗೆ ಮಾಡಿದ ಚಿಕಿತ್ಸೆಯಿಂದ ಕೊಳೆತು ಹೋದ ಗಿಡಗಳು ಹುಳುವಿನಿಂದ ಸತ್ತವಕ್ಕಿಂತ ಹೆಚ್ಚು ಅಂತ ನನ್ನ ಬಲವಾದ ಅಭಿಪ್ರಾಯ.

ಎಲೆತುದಿ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಗಿಡದಲ್ಲಿ ಬಿಳಿ ಇಲ್ಲ, ಎಲೆಯ ಕೆಳಭಾಗಕ್ಕೆ ಕಂದು ಬಣ್ಣದ ಚಿಕ್ಕ ಉಬ್ಬುಗಳು ಅಂಟಿವೆ. ಅಲ್ಲಾಡುವುದಿಲ್ಲ. ಅಂಟು ಜಿಗುಟೂ ಇಲ್ಲ, ಹಾಗಾಗಿ ಹುಳು ಅಲ್ಲ ಅಂದುಕೊಂಡಿದ್ದೆ. ಆದರೆ ಉಬ್ಬಿನ ಸುತ್ತ ಎಲೆ ಹಳದಿಯಾಗುತ್ತಿದೆ.

ಕೀಟನೋಟ
ಅದು ಶಲ್ಕ ಕೀಟ, ನರ್ಸರಿಯವರು ಸ್ಕೇಲ್ ಅನ್ನುತ್ತಾರೆ. ಮೆದು ಶಲ್ಕ ಅಂಟು ಸಿಹಿ ಸುರಿಸುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಗಟ್ಟಿ ಚಿಪ್ಪಿನ ಶಲ್ಕ ಅಂಟು ಸುರಿಸುವುದೇ ಇಲ್ಲ. ಬ್ರೊಮೀಲಿಯಾಡ್ ಬಳಗದ ಗಿಡಗಳಿಗೆ, ಅಂದರೆ ಅನಾನಸಿಗೂ ಏರ್ ಪ್ಲಾಂಟಿಗೂ, ಹೆಚ್ಚಾಗಿ ಹತ್ತುವುದು ಈ ಗಟ್ಟಿ ಜಾತಿ. ಅಂಟಿಲ್ಲ ಅಂದ ಮಾತ್ರಕ್ಕೆ ಹುಳು ಇಲ್ಲ ಅಂತಲ್ಲ.

ಸಾಬೂನು ಆ ಚಿಪ್ಪಿನ ಕೆಳಗೆ ಇಳಿಯುವುದಿಲ್ಲ. ಹಲ್ಲುಕಡ್ಡಿಯ ಮೊಂಡು ಬದಿಯಿಂದ ಚಿಪ್ಪನ್ನು ಒಂದೊಂದಾಗಿ ಎಬ್ಬಿಸಿ ತೆಗೆಯಬೇಕು, ಆಮೇಲೆ ಆ ಜಾಗಕ್ಕೆ ಸ್ಪಿರಿಟ್ ಒತ್ತಬೇಕು. ಬೇಸರದ ಕೆಲಸ, ಆದರೆ ಇದಕ್ಕಿಂತ ಖಚಿತವಾದದ್ದು ನನಗೆ ಗೊತ್ತಿಲ್ಲ. ಸತ್ತ ಮೇಲೂ ಚಿಪ್ಪು ಎಲೆಗೆ ಅಂಟಿಯೇ ಇರುತ್ತದೆ, ಅದನ್ನು ನೋಡಿ ಔಷಧ ಹಿಡಿಯಲಿಲ್ಲ ಅಂತ ಮತ್ತೆ ಮತ್ತೆ ಹೊಡೆಯುತ್ತಾ ಹೋಗಬೇಡಿ. ಒಂದನ್ನು ಕೆರೆದು ನೋಡಿ. ಒಳಗೆ ಒಣಪುಡಿ ಇದ್ದರೆ ಸತ್ತಿದೆ, ರಸ ಬಂದರೆ ಜೀವ ಇದೆ. ಹಳದಿ ಕಲೆ ಮತ್ತೆ ಹಸಿರಾಗುವುದಿಲ್ಲ, ಹೊಸ ಎಲೆ ಶುಭ್ರವಾಗಿ ಬರುತ್ತಿದೆಯಾ ಅನ್ನುವುದನ್ನಷ್ಟೇ ಗಮನಿಸಿ.

ಎಲೆತುದಿ
ಕೆರೆದೆ, ರಸ ಬಂತು. ಕೂತು ತೆಗೆಯುತ್ತೇನೆ. ಇನ್ನೊಂದು ಗಿಡದಲ್ಲಿ ಎಲೆಯೆಲ್ಲ ಸಣ್ಣ ಮಾಸಲು ಚುಕ್ಕೆ, ನೀರು ಕೊಟ್ಟರೂ ಕಳೆ ಬರುತ್ತಿಲ್ಲ.

ತೂಗುತೋಟ
ಕೆಳಗೆ ಬಿಳಿ ಕಾಗದ ಹಿಡಿದು ಗಿಡವನ್ನು ತಟ್ಟಿ. ಉದುರಿದ ಚುಕ್ಕೆಗಳು ನಡೆದಾಡಿದರೆ ನುಸಿ. ಎಲೆ ಸಂದಿಯಲ್ಲಿ ಸಣ್ಣ ಬಲೆಯೂ ಕಾಣಬಹುದು. ಒಣಹವೆ, ಸೆಕೆ ಎರಡೂ ಕೂಡಿದಾಗ ಜೋರಾಗುತ್ತವೆ, ಸುಮಾರು 30 ಡಿಗ್ರಿಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ವಾರವೊಂದು ಸಾಕು. ಅವಕ್ಕೆ ಎಂಟು ಕಾಲು, ಜೇಡದ ಬಳಗ, ಹಾಗಾಗಿ ಕೀಟನಾಶಕ ಎಲ್ಲವೂ ಅವಕ್ಕೆ ನಾಟುವುದಿಲ್ಲ. ನೀರೇ ಮದ್ದು. ಜೋರು ಧಾರೆಯಲ್ಲಿ ಎಲೆಯ ಎರಡೂ ಬದಿ ತೊಳೆಯಿರಿ, ವಾರದಲ್ಲಿ ಎರಡು ಮೂರು ಸಲ.

ಅಂಗಳದ ಗಿಡ
ಮಣ್ಣಿಗೆ ಹಾಕುವ ಇಮಿಡಾಕ್ಲೋಪ್ರಿಡ್ ಕೀಟನಾಶಕದ ಹರಳು ಇದೆಯಲ್ಲ, ಒಂದು ಸಲ ಹಾಕಿದರೆ ಗಿಡದ ಒಳಗೇ ಹರಿಯುತ್ತದೆ. ಅದನ್ನೇ ನೀರಲ್ಲಿ ಕರಗಿಸಿ ಅದ್ದಿದರೆ? ಜೊತೆಗೆ ನನ್ನ ಏರ್ ಪ್ಲಾಂಟಿನ ಕೆಲವು ಎಲೆಬುಡ ಕಪ್ಪಾಗಿದೆ, ಅದಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣವನ್ನೂ ಕೊಡೋಣ ಅಂತಿದ್ದೆ.

ಬಿಳಿರೋಮ
ಅಣ್ಣ, ದಯವಿಟ್ಟು ಬೋರ್ಡೋ ಬೇಡ! ಮೈಲುತುತ್ತ ಅಂದರೆ ತಾಮ್ರ. ಬ್ರೊಮೀಲಿಯಾಡ್ ಬಳಗಕ್ಕೆ ತಾಮ್ರ ವಿಷ. ಬೇರಿನ ನೆರವಿಲ್ಲದೆ ಮೈಯಿಂದಲೇ ಹೀರುವ ಗಿಡಕ್ಕೆ ತಾಮ್ರದ ನೀರು ಹೊಡೆದರೆ ನೇರ ಒಳಗೆ ಹೋಗುತ್ತದೆ. ಬೋರಾನ್, ಸತು ಹೆಚ್ಚಾದರೂ ತೊಂದರೆಯೇ, ಹಾಗಾಗಿ ಲಘು ಪೋಷಕಾಂಶದ ಗೊಬ್ಬರ ಕೊಳ್ಳುವಾಗ ಚೀಟಿ ಓದಿ. ತಾಮ್ರದ ತಂತಿಯಲ್ಲಿ ಕಟ್ಟುವುದು, ತಾಮ್ರದ ಪಾತ್ರೆಯಲ್ಲಿ ಕೂರಿಸುವುದು, ಹುಳು ಹಿಡಿಯದಂತೆ ತಾಮ್ರದ ಲವಣ ತುಂಬಿದ ಸಂಸ್ಕರಿಸಿದ ಮರಕ್ಕೆ ಅಂಟಿಸುವುದು, ಇವನ್ನೂ ಬಿಡಿ. ಹುಳುವೂ ಇಲ್ಲದೆ, ಕೊಳೆತವೂ ಇಲ್ಲದೆ ಗಿಡ ಸೊರಗುತ್ತಿದ್ದರೆ ನಾನು ಮೊದಲು ಕೇಳುವುದೇ ಅದು ಯಾವುದಕ್ಕೆ ಕಟ್ಟಿದೆ ಅಂತ.

ಕಪ್ಪಾದ ಬುಡ ಬಹುಪಾಲು ನೀರು ನಿಂತದ್ದರ ಫಲ. ಮೆದುವಾಗಿದ್ದರೆ ಆ ಎಲೆ ಕಿತ್ತು, ಒಣಗಿಸಿ, ನೀರು ಕಡಿಮೆ ಮಾಡಿ.

ಕೀಟನೋಟ
ಇಮಿಡಾಕ್ಲೋಪ್ರಿಡ್ ವಿಚಾರ ನಾನು ಹೇಳುತ್ತೇನೆ. ಹರಳು ಮಾಡಿರುವುದು ಮಣ್ಣಿಗೆ, ಬೇರಿಗೆ. ಇಲ್ಲಿ ಮಣ್ಣೂ ಇಲ್ಲ, ನೀರು ಹೀರುವ ಬೇರೂ ಇಲ್ಲ. ಚೀಟಿಯಲ್ಲಿ ಹೇಳದ ರೀತಿಯಲ್ಲಿ ಕರಗಿಸಿ, ಮನೆಯೊಳಗೆ, ಬರಿಗೈಯಲ್ಲಿ ಮುಟ್ಟುವ ಗಿಡಕ್ಕೆ ಹಾಕುವುದು ಸುರಕ್ಷಿತವಲ್ಲ. ಹೂವಿಗೆ ಬರುವ ಜೇನಿಗೂ ಕೇಡು. ಅದನ್ನು ಬಳಸಿದ ಮೇಲೆ ನುಸಿ ಹೆಚ್ಚಾಗುವುದೂ ಉಂಟು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದಾದ ಗಿಡ ಇದು, ಹುಳು ಕೈಯಿಂದಲೇ ತೆಗೆಯಲು ಇದಕ್ಕಿಂತ ಅನುಕೂಲದ ಗಿಡ ಬೇರೆ ಇಲ್ಲ.

ತೆಗೆಯುವಾಗ ಒಂದು ಎಚ್ಚರ. ತಿಗಣೆಗಳ ನಡುವೆ ಅದಕ್ಕಿಂತ ಎರಡು ಮೂರು ಪಟ್ಟು ಉದ್ದದ, ಮೈತುಂಬ ಬಿಳಿ ಮೇಣದ ಎಳೆ ಇಳಿಬಿದ್ದ, ಚುರುಕಾಗಿ ನಡೆಯುವ ಹುಳು ಕಂಡರೆ ಬಿಟ್ಟುಬಿಡಿ. ಅದು ಕ್ರಿಪ್ಟೊಲೀಮಸ್ ಅನ್ನುವ ಗುಲಗಂಜಿ ಹುಳುವಿನ ಮರಿ. ತಿಗಣೆಯ ಮೊಟ್ಟೆ, ಮರಿ ಎಲ್ಲ ತಿನ್ನುತ್ತದೆ. ಮೂಲ ಆಸ್ಟ್ರೇಲಿಯಾ, 1891ರಲ್ಲೇ ಕ್ಯಾಲಿಫೋರ್ನಿಯಾದ ತೋಟಗಳಿಗೆ ತಿಗಣೆ ಹತೋಟಿಗೆಂದು ತಂದದ್ದು. ನೋಡಲು ತಿಗಣೆಯಂತೆಯೇ ಇರುವುದರಿಂದ ಎಷ್ಟೋ ಜನ ಅದನ್ನೇ ಮೊದಲು ಹೊಸಕುತ್ತಾರೆ. ಸಣ್ಣ ಜೇಡಗಳನ್ನೂ ಓಡಿಸಬೇಡಿ. ಸ್ಪ್ಯಾನಿಷ್ ಮಾಸ್ ಅನ್ನುವ ಟಿಲ್ಲಾಂಡ್ಸಿಯಾದ ಎಳೆಗಳಲ್ಲೇ ಬದುಕುವ ಜಿಗಿಯುವ ಜೇಡದ ಜಾತಿಯೊಂದಿದೆ, ಅದರ ಹೆಸರಿನಲ್ಲೂ ಈ ಗಿಡದ ಹೆಸರು ಸೇರಿದೆ: ಪೆಲೆಗ್ರೀನಾ ಟಿಲ್ಲಾಂಡ್ಸಿಯೇ.

ಅಂಗಳದ ಗಿಡ
ಸರಿ, ಎರಡನ್ನೂ ಬಿಟ್ಟೆ. ತಾಮ್ರದ ವಿಷಯ ಗೊತ್ತೇ ಇರಲಿಲ್ಲ, ಹೇಳಿದ್ದಕ್ಕೆ ಧನ್ಯವಾದ. ಆ ಕಪ್ಪು ಬುಡದ ಗಿಡದ ನಡುವಿನ ಎಲೆಗಳು ಎಳೆದರೆ ಕೈಗೇ ಬಂದವು. ಇದೂ ಹುಳುವೇ?

ಮುಂಜಾವು
ಬುಡ ಮೆತ್ತಗಾಗಿ, ವಾಸನೆ ಬಂದು, ಎಲೆ ನುಣ್ಣಗೆ ಕಳಚಿದ್ದರೆ ಕೊಳೆತ. ಬುಡ ಕೊರೆದು ಜಗಿದಂತಿದ್ದು, ಒಳಗೆ ಸುರಂಗ, ಕಾಲಿಲ್ಲದ ಬಿಳಿ ಹುಳು ಕಂಡರೆ ಕೊರಕ. ಮನೆಯ ಗಿಡಗಳಲ್ಲಿ ಹತ್ತಕ್ಕೆ ಒಂಬತ್ತು ಸಲ ಕೊಳೆತವೇ.

ಕೊರಕ ಎಂಥ ಅನಾಹುತ ಮಾಡಬಲ್ಲದು ಅನ್ನುವುದಕ್ಕೆ ಫ್ಲೋರಿಡಾ ಸಾಕ್ಷಿ. ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಮೆಟಾಮಾಸಿಯಸ್ ಕ್ಯಾಲಿಜೋನಾ ಅನ್ನುವ ಮೂತಿ ಹುಳು 1989ರಲ್ಲಿ ಅಲ್ಲಿ ಕಂಡುಬಂತು. ಅದರ ಮರಿ ಗಿಡದ ಕಾಂಡವನ್ನೇ ಒಳಗಿಂದ ತಿಂದು ಮುಗಿಸುತ್ತದೆ. ಮರಗಳ ಮೇಲಿನ ದೊಡ್ಡ ಟಿಲ್ಲಾಂಡ್ಸಿಯಾಗಳು ಕಳಚಿ ನೆಲಕ್ಕೆ ಬಿದ್ದವು. ಅದರಲ್ಲೂ ಯುಟ್ರಿಕ್ಯುಲಾಟಾ ಅನ್ನುವ ಜಾತಿಗೆ ದೊಡ್ಡ ಪೆಟ್ಟು. ಅಲ್ಲಿ ಅದು ಸಾಮಾನ್ಯವಾಗಿ ಪಕ್ಕದಲ್ಲಿ ಮರಿಗಿಡ ಹಾಕುವುದಿಲ್ಲ, ವರ್ಷಗಟ್ಟಲೆ ಬೆಳೆದು ಒಂದೇ ಸಲ ಹೂಬಿಟ್ಟು ಬೀಜ ಚೆಲ್ಲಿ ಸಾಯುತ್ತದೆ. ಹೂವಿಗೆ ಮೊದಲೇ ಹುಳು ಕೊಂದರೆ ಆ ಸಂತತಿಯೇ ಅಲ್ಲಿಗೆ ನಿಂತಿತು. ಹುಳುವಿಗೆ ಎದುರಾಳಿಯಾಗಿ ಹೊಂಡುರಾಸಿನ ಒಂದು ಪರಾವಲಂಬಿ ನೊಣವನ್ನು 2007ರಲ್ಲಿ ಬಿಟ್ಟರು. ಕಾಡನ್ನು ಕಡ್ಡಿ ಹಿಡಿದು ತೊಳೆಯಲಾಗುವುದಿಲ್ಲ ಅಲ್ಲವೇ. ಕಾಡಿನಿಂದ ಕಿತ್ತು ತಂದ ಗಿಡ, ಗೊತ್ತಿಲ್ಲದ ಮೂಲದ ಗಿಡ ಕೊಳ್ಳಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹಸಿರುಕಿಟಕಿ
ಇಷ್ಟೆಲ್ಲ ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ಮುಂದೆ ಬಾರದ ಹಾಗೆ ಏನು ಮಾಡಲಿ? ಹೊಸ ಗಿಡ ತಂದಾಗ ಎಷ್ಟು ದಿನ ಬೇರೆ ಇಡಬೇಕು?

ತೂಗುತೋಟ
ಎರಡು ವಾರ ಸಾಕು ಅನ್ನುವವರಿದ್ದಾರೆ. ನಾನು ನಾಲ್ಕು ವಾರ ಅನ್ನುತ್ತೇನೆ, ಮೊಟ್ಟೆ ಒಡೆದು ಮರಿ ಕಣ್ಣಿಗೆ ಕಾಣುವಷ್ಟು ಬೆಳೆಯಲು ಅಷ್ಟು ಹೊತ್ತು ಬೇಕು. ತಂದ ದಿನವೇ ಸುತ್ತಿದ ಪಾಚಿ, ತೆಂಗಿನ ನಾರು, ಅಂಟಿಸಿದ ತುಂಡು ತೆಗೆದುಹಾಕಿ. ಗಿಡ ಆಧಾರಕ್ಕೆ ತಾಗುವ ಹಿಂಬದಿ ಯಾರೂ ನೋಡುವುದಿಲ್ಲ, ತಿಗಣೆಗೆ ಅದು ಚೆನ್ನಾಗಿ ಗೊತ್ತು. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿ ಒಂದಿರಲಿ.

ಗಿಡಗಳನ್ನು ಒಂದಕ್ಕೊಂದು ತಾಗದಂತೆ ತೂಗಿಹಾಕಿ. ಗಾಜಿನ ಗೋಳದೊಳಗೆ ಇಟ್ಟರೆ ಗಾಳಿ ಆಡುವುದಿಲ್ಲ, ಒಣಗುವುದೂ ನಿಧಾನ, ಹುಳು ಕಾಣುವುದೂ ತಡ. ಗೊಬ್ಬರ ಹೆಚ್ಚು ಕೊಟ್ಟರೆ ಎಳೆ ಎಲೆಯ ರಸದಲ್ಲಿ ಸಾರಜನಕ ಹೆಚ್ಚಿ ತಿಗಣೆ, ಗಿಡಹೇನು ಎರಡೂ ಬೇಗ ಹೆಚ್ಚುತ್ತವೆ. ಚೀಟಿಯಲ್ಲಿ ಹೇಳಿದ್ದರ ಕಾಲು ಭಾಗ, ತಿಂಗಳಿಗೊಮ್ಮೆ ಸಾಕು. ಹೂ ಬರುವಾಗ ಹೂತೆನೆಯನ್ನು ಬೇರೆಯಾಗಿ ನೋಡಿ, ಗಿಡಹೇನು ಮೊದಲು ಕೂರುವುದು ಅಲ್ಲಿ. ಬಾಡಿದ ತೆನೆಯನ್ನು ಬುಡದವರೆಗೆ ಕತ್ತರಿಸಿ. ಹೊರಗೆ ತೂಗುವವರು ಬಸವನಹುಳು, ಕಂಬಳಿಹುಳುವಿನ ಮೇಲೂ ಕಣ್ಣಿಡಿ, ಅವನ್ನು ಕೈಯಲ್ಲಿ ಆರಿಸಿದರೆ ಮುಗಿಯಿತು.

ಹಸಿರುಕಿಟಕಿ
ಕೊನೆಯದೊಂದು. ಅಯೊನಾಂಥಾ ಗುಂಪು ನೋಡಲು ಅಷ್ಟು ಚೆಂದ, ಬಿಡಿಸಲು ಮನಸ್ಸಿಲ್ಲ. ಬಿಡಿಸದೆ ಹುಳು ಹೋಗುತ್ತದಾ?

ಕೀಟನೋಟ
ನಸುಗೆಂಪು ರಸ ಗುಂಪಿನ ನಡುವಿಂದ ಬಂದಿದೆ ಅಂದಿರಿ. ಹಾಗಿದ್ದರೆ ಬಿಡಿಸಿ. ತಾಯಿಗಿಡದ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾದ ಮರಿಗಿಡಗಳನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ ಕಳಚುತ್ತವೆ. ತೀರಾ ಚಿಕ್ಕವನ್ನು ತಾಯಿಗೇ ಬಿಡಿ. ಒಂದೊಂದನ್ನೂ ಬೇರೆ ಬೇರೆ ತೊಳೆದು, ಬೇರೆ ಬೇರೆ ಒಣಗಿಸಿ. ನಡುವಿನ ಹಳೆಯ ಗಿಡ ಪೂರ್ತಿ ಮುತ್ತಿಹೋಗಿದ್ದರೆ ಅದನ್ನು ಚೀಲದಲ್ಲಿ ಕಟ್ಟಿ ಹೊರಹಾಕಿ, ಗೊಬ್ಬರದ ಗುಂಡಿಗೆ ಬೇಡ. ತಿಂಗಳೆರಡು ಕಳೆದು ಒಂದೂ ಹುಳು ಕಾಣದಿದ್ದರೆ ಮರಿಗಳನ್ನು ಹತ್ತಿಯ ದಾರದಿಂದ ಸಡಿಲವಾಗಿ ಮತ್ತೆ ಸೇರಿಸಿ ಕಟ್ಟಿ, ಅವು ಹೊಸ ಮರಿ ಹಾಕುತ್ತಾ ತಾವೇ ಗುಂಪಾಗುತ್ತವೆ.